ಪ್ರಾರ್ಥನಾ ಕೀಟದ ಪೊರೆ ಕಳಚುವಿಕೆ

ಮುಂಗಾರು ಮುಗಿದು ಬೇಲಿಯ ಗಿಡಗಂಟಿಗಳು ಹಸಿರು ತುಂಬಿ ನಿಂತಾಗ, ಎಲೆಗಳ ನಡುವೆ ಎಲೆಯ ಬಣ್ಣದಲ್ಲೇ, ಮುಂಗಾಲುಗಳೆರಡನ್ನೂ ಎದೆಯ ಮುಂದೆ ಮಡಿಚಿಕೊಂಡು ನಿಶ್ಚಲವಾಗಿ ಕುಳಿತಿರುವ ಕೀಟವೊಂದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲರೂ ಕಂಡಿರುತ್ತಾರೆ. ಕೆಲವೆಡೆ ಇದಕ್ಕೆ ‘ಸೂರ್ಯನ ಕುದುರೆ’ ಎಂದು ಹೆಸರು. ಪುಸ್ತಕಗಳಲ್ಲಿ ಪ್ರಾರ್ಥನಾ ಕೀಟವೆಂದು ಕರೆಯುತ್ತಾರೆ. ‘ಮ್ಯಾಂಟಿಸ್’ ಎಂಬ ಗ್ರೀಕ್ ಪದಕ್ಕೆ ಕಾಲಜ್ಞಾನಿ ಎಂದರ್ಥ. ಸ್ವೀಡನ್ನಿನ ಲಿನೇಯಸನು 1758ರಲ್ಲಿ ಯುರೋಪಿನ ಜಾತಿಯೊಂದಕ್ಕೆ ‘ರಿಲಿಜಿಯೋಸ’, ಎಂದರೆ ಧರ್ಮನಿಷ್ಠ, ಎಂಬ ವಿಶೇಷಣವನ್ನು ಕೊಟ್ಟನು. ಆ ಭಂಗಿ ಬೇಟೆಗಾರನದೆಂಬುದನ್ನು ಹತ್ತಿರ ಸುಳಿದ ನೊಣ ಮಾತ್ರ ಬಲ್ಲದು. ಜಗತ್ತಿನಲ್ಲಿ ಈ ವರ್ಗದ 2,400ಕ್ಕೂ ಹೆಚ್ಚು ಪ್ರಭೇದಗಳಿವೆ.

ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಸಾಕಿ ನೋಡುವುದಕ್ಕೆ ಈ ಕೀಟವು ಬಹುಮಟ್ಟಿಗೆ ತಕ್ಕದ್ದು. ವಿಷವಿಲ್ಲ, ದುರ್ವಾಸನೆಯಿಲ್ಲ, ಸದ್ದಿಲ್ಲ. ನೊಣ, ಪತಂಗ, ಸಣ್ಣ ಮಿಡತೆಗಳಿದ್ದರೆ ಆಹಾರಕ್ಕೆ ಸಾಕು. ತಲೆಯನ್ನು ಹೊರಳಿಸಿ ನೋಡುಗರನ್ನೇ ದಿಟ್ಟಿಸುವ ಅದರ ಪರಿಗೆ ಮಕ್ಕಳು ಬೇಗನೆ ಮರುಳಾಗುತ್ತಾರೆ. ಯುರೋಪು, ಅಮೆರಿಕ, ಜಪಾನುಗಳಲ್ಲಿ ಇದನ್ನು ಮನೆಯಲ್ಲಿ ಸಾಕುವ ಹವ್ಯಾಸವೂ ಬೆಳೆದಿದ್ದು, ಅಲ್ಲಿ ಸಾಕಲಾಗುವ ಪ್ರಭೇದಗಳಲ್ಲಿ ದಕ್ಷಿಣ ಭಾರತದವೂ ಉಂಟು. ಆದರೆ ಸಾಕಿದವರಿಗೆ ಒಂದಲ್ಲ ಒಂದು ಬೆಳಿಗ್ಗೆ ದುಃಖವೊಂದು ಕಾದಿರುತ್ತದೆ. ಹಿಂದಿನ ಸಂಜೆಯವರೆಗೆ ನೆಟ್ಟಗಿದ್ದ ಕೀಟವು ಅರ್ಧ ದೇಹ ಹಳೆಯ ಚರ್ಮದೊಳಗೆ, ಅರ್ಧ ಹೊರಗೆ, ಕಾಲುಗಳು ಸೊಟ್ಟಗಾಗಿ ಪೆಟ್ಟಿಗೆಯ ತಳದಲ್ಲಿ ಸತ್ತು ಬಿದ್ದಿರುತ್ತದೆ. ರೋಗ ತಗುಲಿತೆಂದೋ ಆಹಾರ ಸಾಲದೆ ಹೋಯಿತೆಂದೋ ನೊಂದುಕೊಳ್ಳುವವರೇ ಹೆಚ್ಚು. ಬಹುಪಾಲು ಸಂದರ್ಭಗಳಲ್ಲಿ ಕಾರಣವು ಪೆಟ್ಟಿಗೆಯ ರಚನೆಯಲ್ಲಿರುತ್ತದೆ, ಇಲ್ಲವೇ ನೆರವಾಗಲು ಹೋದವರ ಕೈಯಲ್ಲಿರುತ್ತದೆ. ಪೊರೆ ಕಳಚುವ ಆ ಸ್ವಲ್ಪ ಹೊತ್ತಿನಲ್ಲಿ ಮನುಷ್ಯನು ಮಾಡಬಹುದಾದದ್ದು ಅತ್ಯಲ್ಪ. ಅದಕ್ಕೆ ಮುಂಚಿನ ದಿನಗಳಲ್ಲಿ ಮಾಡಿಟ್ಟಿರಬೇಕಾದದ್ದು ಬಹಳ.

ಕೀಟಗಳಿಗೆ ಎಲುಬಿಲ್ಲ. ಮೈಯನ್ನು ಹಿಡಿದು ನಿಲ್ಲಿಸುವುದು ಕೈಟಿನ್ ಎಂಬ ವಸ್ತು ಮತ್ತು ಪ್ರೋಟೀನುಗಳಿಂದಾದ ಹೊರಕವಚ. ಒಮ್ಮೆ ಗಡಸಾದ ಮೇಲೆ ಈ ಕವಚವು ಹಿಗ್ಗಲಾರದು. ಆದುದರಿಂದ ಬೆಳೆಯಬೇಕಾದ ಕೀಟವು ಆಗಾಗ ಹಳೆಯದನ್ನು ಕಳಚಿ, ಒಳಗೆ ಸಿದ್ಧವಾದ ಹೊಸದನ್ನು ಗಾಳಿ ನುಂಗಿ ಹಿಗ್ಗಿಸಿಕೊಂಡು, ಅದು ಗಡಸಾಗುವವರೆಗೆ ಕಾಯಬೇಕು. ಕಳಚಿಹೋಗುವುದು ಹೊರಮೈಯೊಂದೇ ಎಂದು ಭಾವಿಸಬಾರದು. ಅನ್ನನಾಳದ ಮುಂಭಾಗ ಮತ್ತು ಹಿಂಭಾಗಗಳ ಒಳಪದರ, ಮೈತುಂಬ ಹರಡಿರುವ ಶ್ವಾಸನಾಳಗಳ ಒಳಪದರ, ಕಣ್ಣಿನ ಮೇಲಣ ಪಾರದರ್ಶಕ ಹೊದಿಕೆ, ಕುಡಿಮೀಸೆಗಳ ಕೂದಲೆಳೆಯಂಥ ಒರೆ, ಮುಂಗಾಲಿನ ಒಂದೊಂದು ಮುಳ್ಳಿನ ಕವಚ, ಇವೆಲ್ಲವೂ ಒಂದೇ ಉಡುಪಿನಂತೆ ಬಿಟ್ಟುಬರಬೇಕು. ಎಲ್ಲಿಯಾದರೂ ಒಂದೆಡೆ ಸಿಕ್ಕಿಕೊಂಡರೂ ಅಪಾಯ ತಪ್ಪಿದ್ದಲ್ಲ.

ಈ ಕಾರ್ಯಕ್ಕೆ ಅಪ್ಪಣೆ ಕೊಡುವುದು ಎಕ್ಡೈಸೋನ್ ಎಂಬ ಹಾರ್ಮೋನು. ಜರ್ಮನಿಯ ಬೂಟೆನಾಂಟ್ ಮತ್ತು ಕಾರ್ಲ್‌ಸನ್ ಇದನ್ನು 1954ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದಕ್ಕಾಗಿ ಅವರು ಬಳಸಿದ್ದು 500 ಕಿಲೋಗ್ರಾಂ ರೇಷ್ಮೆಕೋಶಗಳನ್ನು; ದೊರೆತದ್ದು ಕೇವಲ 25 ಮಿಲಿಗ್ರಾಂ. ಕೀಟದ ಎದೆಭಾಗದ ಗ್ರಂಥಿಯಿಂದ ಹೊರಡುವ ಈ ಹಾರ್ಮೋನಿನ ಪ್ರಭಾವದಿಂದ ಹಳೆಯ ಕವಚವು ಕೆಳಗಿನ ಜೀವಕೋಶಗಳಿಂದ ಬಿಟ್ಟುಕೊಳ್ಳುತ್ತದೆ. ನಡುವೆ ಒಂದು ದ್ರವ ಒಸರಿ ಹಳೆಯದರ ಒಳಪದರವನ್ನು ಕರಗಿಸುತ್ತದೆ. ಹೊಸ ಕವಚವು ಅದರ ಅಡಿಯಲ್ಲಿ ಸುಕ್ಕುಸುಕ್ಕಾಗಿ ರೂಪುಗೊಳ್ಳುತ್ತದೆ. ಕಣ್ಣಿಗೆ ಬೀಳುವ ಕಳಚುವಿಕೆಯು ಹೀಗೆ ಹಲವು ದಿನಗಳ ಗುಪ್ತ ಸಿದ್ಧತೆಯ ಕೊನೆಯ ಅಂಕ ಮಾತ್ರ. ಸಾಕುವವರು ಗುರುತಿಸಬೇಕಾದದ್ದು ಆ ಸಿದ್ಧತೆಯ ದಿನಗಳನ್ನು.

ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಈ ಮಾತು ಹೊಸದಲ್ಲ. ಹುಳುವು ಪೊರೆ ಬಿಡುವ ಅವಧಿಗೆ ಅವರು ‘ಜ್ವರ’ ಎನ್ನುತ್ತಾರೆ. ಹುಳು ಮೇವು ಬಿಟ್ಟು, ತಲೆಯೆತ್ತಿ ಮಿಸುಕದೆ ಕುಳಿತಿತೆಂದರೆ ಜ್ವರಕ್ಕೆ ಕುಳಿತಿತೆಂದು ಅರ್ಥ. ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆಯನ್ನು ಅಲುಗಿಸುವುದಿಲ್ಲ. ಹೀಗೆ ನಾಲ್ಕು ಜ್ವರಗಳನ್ನು ದಾಟಿದ ಮೇಲೆ ಹುಳು ಗೂಡು ಕಟ್ಟುತ್ತದೆ. ಹುಳುಮನೆಯ ಈ ಶಿಸ್ತನ್ನು ಬಲ್ಲ ಮನೆಯ ಮಗುವಿಗೆ ಪ್ರಾರ್ಥನಾ ಕೀಟವನ್ನು ಸಾಕುವ ವಿದ್ಯೆ ಅರ್ಧ ತಿಳಿದಂತೆಯೇ. ಉಳಿದರ್ಧದಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿದೆ. ರೇಷ್ಮೆಹುಳು ತಟ್ಟೆಯ ಮೇಲೆ ಕುಳಿತಲ್ಲೇ ಪೊರೆ ಬಿಡುತ್ತದೆ. ಪ್ರಾರ್ಥನಾ ಕೀಟವು ತಲೆಕೆಳಗಾಗಿ ತೂಗುತ್ತ ಬಿಡುತ್ತದೆ. ಮೊಟ್ಟೆಗೂಡಿನಿಂದ ಹೊರಬರುವ ಕ್ಷಣದಲ್ಲಿಯೇ ಮರಿಯು ಸಣ್ಣ ನೂಲಿನೆಳೆಯಿಂದ ಜೋತುಬಿದ್ದು ತನ್ನ ಮೊದಲ ತೆಳುಪೊರೆಯನ್ನು ಕಳಚುತ್ತದೆ. ಅಲ್ಲಿಂದ ಮುಂದೆ ಜಾತಿ, ಲಿಂಗಗಳಿಗೆ ಅನುಸಾರವಾಗಿ ಸಾಮಾನ್ಯವಾಗಿ ಆರರಿಂದ ಒಂಬತ್ತು ಸಲ ಇದು ನಡೆಯುವುದು. ಅನೇಕ ಪ್ರಭೇದಗಳಲ್ಲಿ ಗಂಡಿಗೆ ಹೆಣ್ಣಿಗಿಂತ ಒಂದೆರಡು ಕಡಿಮೆ.

ಪ್ರತಿ ಸಲವೂ ಕೀಟವು ಎಷ್ಟು ಬೆಳೆಯುತ್ತದೆ? ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ 1903ರಲ್ಲಿ ಜೀವಶಾಸ್ತ್ರದ ಪ್ರಯೋಗಾಲಯವೊಂದನ್ನು ಸಂಗಡಿಗರೊಂದಿಗೆ ಸ್ಥಾಪಿಸಿದ ಹಾನ್ಸ್ ಪ್ಷಿಬ್ರಾಮ್ ಎಂಬ ವಿಜ್ಞಾನಿಯು ಆಫ್ರಿಕದ ಪ್ರಾರ್ಥನಾ ಕೀಟವೊಂದನ್ನು ಸಾಕಿ, ಅದು ಕಳಚಿದ ಪೊರೆಗಳನ್ನೆಲ್ಲ ತಾಳ್ಮೆಯಿಂದ ಅಳೆದನು. ಮೆಗುಶಾರ್ ಎಂಬ ಸಹೋದ್ಯೋಗಿಯೊಡನೆ 1912ರಲ್ಲಿ ಅವನು ಪ್ರಕಟಿಸಿದ ಫಲಿತಾಂಶದಂತೆ ಒಂದೊಂದು ಹಂತದಲ್ಲೂ ತೂಕವು ಸುಮಾರು ಇಮ್ಮಡಿಯಾಗುತ್ತದೆ, ಉದ್ದವು ಸುಮಾರು 1.26 ಪಟ್ಟಾಗುತ್ತದೆ. 1.26 ಎಂಬುದು ಎರಡರ ಘನಮೂಲವೆಂಬುದನ್ನು ಗಣಿತದ ಉಪಾಧ್ಯಾಯರು ಕೂಡಲೇ ಗುರುತಿಸುವರು. ಎಲ್ಲ ಕೀಟಗಳೂ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವುದಿಲ್ಲ; ಆದರೂ ಅಂದಾಜಿಗೆ ಇದು ಒಳ್ಳೆಯ ಸಾಧನ. (ಯಹೂದಿಯೆಂಬ ಕಾರಣಕ್ಕೆ 1938ರಲ್ಲಿ ತಾನೇ ಕಟ್ಟಿದ ಪ್ರಯೋಗಾಲಯದಿಂದ ಹೊರಹಾಕಲ್ಪಟ್ಟ ಈ ವಿಜ್ಞಾನಿಯು 1944ರಲ್ಲಿ ನಾಜಿಗಳ ಬಂಧನದಲ್ಲಿ ತೀರಿಕೊಂಡನು.)

ಪೆಟ್ಟಿಗೆಯ ಎತ್ತರವನ್ನು ಈ ಲೆಕ್ಕದಿಂದಲೇ ನಿರ್ಧರಿಸಬಹುದು. 4 ಸೆಂಟಿಮೀಟರ್ ಉದ್ದದ ಮರಿಯು ಪೊರೆ ಕಳಚಿದ ಮೇಲೆ ಸುಮಾರು 5 ಸೆಂಟಿಮೀಟರ್ ಆಗುವುದೆನ್ನೋಣ. ಕಳಚುವಾಗ ಹಳೆಯ ಪೊರೆಯು ಚಾವಣಿಗೆ ಕಚ್ಚಿಕೊಂಡಿರುತ್ತದೆ. ಹೊಸ ದೇಹವು ಅದರ ಕೆಳಗೆ ಇಳಿದು ತೂಗುತ್ತದೆ. ಎರಡೂ ಸೇರಿದರೆ 9 ಸೆಂಟಿಮೀಟರ್. ಮೆತ್ತನೆಯ ಕಾಲುಗಳನ್ನು ಚಾಚಿಕೊಳ್ಳಲೂ ಎಡೆ ಬೇಕು. ಆದುದರಿಂದ ಕೀಟದ ಉದ್ದದ ಮೂರು ಪಟ್ಟು ಎತ್ತರ, ಎರಡು ಪಟ್ಟು ಅಗಲವಿರಬೇಕೆಂದು ಅನುಭವಿಗಳು ಹೇಳುವುದು ಯುಕ್ತವೇ ಆಗಿದೆ; ಎತ್ತರ ಇನ್ನೂ ಹೆಚ್ಚಿದ್ದರೆ ಹಾನಿಯಿಲ್ಲ. ಈ ಎತ್ತರವನ್ನು ಪೆಟ್ಟಿಗೆಯ ತಳದಿಂದ ಅಳೆಯದೆ, ಒಳಗೆ ಹಾಸಿದ ಮಣ್ಣಿನ ಅಥವಾ ಇಟ್ಟ ಕಡ್ಡಿಯ ಮೇಲಿನಿಂದ ಅಳೆಯಬೇಕು. ಅಂದವಾಗಿ ಕಾಣಲೆಂದು ರೆಂಬೆಗಳನ್ನು ತುರುಕಿದ ಪೆಟ್ಟಿಗೆಗಳಲ್ಲಿ, ತೂಗುತ್ತಿರುವ ಕೀಟದ ತಲೆಗೆ ರೆಂಬೆ ತಾಗಿ ಕತ್ತು ಡೊಂಕಾದ ನಿದರ್ಶನಗಳು ಅಪರೂಪವಲ್ಲ. ಉಪ್ಪಿನಕಾಯಿಯ ಗಾಜಿನ ಭರಣಿಯು ಎಳೆಯ ಮರಿಗೆ ಸಾಕು. ಕೊನೆಯ ಎರಡು ಹಂತಗಳಿಗೆ ಅದು ಸಾಲದು.

ಎತ್ತರಕ್ಕಿಂತಲೂ ಮುಖ್ಯವಾದದ್ದು ಚಾವಣಿ. ಗಾಜು, ನುಣುಪಾದ ಪ್ಲಾಸ್ಟಿಕ್ಕು, ತಗಡಿನ ಮುಚ್ಚಳ ಇವುಗಳ ಮೇಲೆ ಕೀಟವು ಸಾಮಾನ್ಯ ದಿನಗಳಲ್ಲಿ ಹೇಗೋ ಓಡಾಡಬಲ್ಲದು. ಆದರೆ ಪೊರೆ ಕಳಚುವಾಗ ಹಳೆಯ ಪೊರೆಯ ಜೀವವಿಲ್ಲದ ಉಗುರುಗಳೇ ಇಡೀ ಭಾರವನ್ನು ಹೊರಬೇಕು. ಒಳಗಿನಿಂದ ಕೀಟವು ಮಿಸುಕಾಡಿದಂತೆಲ್ಲ ಆ ಹಿಡಿತ ಸಡಿಲವಾಗುತ್ತದೆ. ನುಣುಪು ಚಾವಣಿಯಾದರೆ ಕಳಚಿಬೀಳುವುದು ಬಹುತೇಕ ಖಚಿತ. ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿಯಾಗಿ ಎಳೆದು ರಬ್ಬರು ಪಟ್ಟಿಯಿಂದ ಕಟ್ಟಿದರೆ ಅದಕ್ಕಿಂತ ಉತ್ತಮವಾದ ಚಾವಣಿ ಬೇಕಿಲ್ಲ. ಕಬ್ಬಿಣದ ಜಾಲರಿಯು ಎಳೆಯ ಕಾಲುಗಳನ್ನು ತರಚುವುದರಿಂದ ಬಟ್ಟೆಯೇ ಮೇಲು. ಮುಚ್ಚಳವನ್ನು ತೆರೆಯುವ ಪೆಟ್ಟಿಗೆಯಾದರೆ ಇನ್ನೊಂದು ತೊಡಕುಂಟು. ಕೀಟವು ತೂಗುವುದು ಅದೇ ಮುಚ್ಚಳಕ್ಕೆ; ಅದನ್ನು ಎತ್ತಿದರೆ ಕೀಟವನ್ನೇ ಎತ್ತಿ ಅಲುಗಿಸಿದಂತೆ. ಆಹಾರ ಹಾಕಲು ಪಕ್ಕದಲ್ಲೊಂದು ಚಿಕ್ಕ ಬಾಗಿಲನ್ನು ಮಾಡಿ, ಹತ್ತಿಯಿಂದ ಮುಚ್ಚಿಡುವುದು ಜಾಣತನ.

ಇನ್ನು ತೇವದ ವಿಚಾರ. ಗಾಳಿ ತೀರ ಒಣಗಿದ್ದರೆ ಹಳೆಯ ಪೊರೆ ಬಿರುಸಾಗಿ, ಹೊಸ ಮೈಗೆ ಅಂಟಿಕೊಳ್ಳುತ್ತದೆ. ಕಾಲಿನ ತುದಿಗಳು, ಕುಡಿಮೀಸೆಗಳು ಸಿಕ್ಕಿಬೀಳುವುದು ಸಾಮಾನ್ಯವಾಗಿ ಇದರಿಂದಲೇ. ನಮ್ಮ ತೋಟಗಳಲ್ಲಿ ಕಾಣುವ ದೊಡ್ಡ ಹಸಿರು ಜಾತಿ, ಶಾಸ್ತ್ರೀಯವಾಗಿ ಹೈಯರೋಡ್ಯೂಲ ಎನಿಸಿಕೊಳ್ಳುವ ಕುಲದ್ದು, 24ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶೇಕಡಾ 60–70ರಷ್ಟು ಆರ್ದ್ರತೆಯಲ್ಲಿ ಸುಖವಾಗಿ ಬೆಳೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲ. ಅಲ್ಲಿ ಗಾಳಿಯಾಡದೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ಕೆಲಸ. ವಿಜಯಪುರ, ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಮಧ್ಯಾಹ್ನದ ಗಾಳಿ ಕಾದ ಹಂಚಿನಿಂದ ಬಂದಂತಿರುವಾಗ ಪರಿಸ್ಥಿತಿಯೇ ಬೇರೆ. ಪೆಟ್ಟಿಗೆಯ ತಳಕ್ಕೆ ತೆಂಗಿನ ನಾರಿನ ಪುಡಿಯನ್ನು ಹಾಸಿ ನೀರು ಚಿಮುಕಿಸುವುದು, ಒಂದು ಮಗ್ಗುಲಿಗೆ ಒದ್ದೆ ಬಟ್ಟೆಯನ್ನು ಇಳಿಬಿಡುವುದು, ಬೀಸಣಿಗೆಯ ನೇರಕ್ಕೆ ಇಡದಿರುವುದು, ಇಷ್ಟರಿಂದ ಸಾಕಷ್ಟು ಉಪಕಾರವಾಗುತ್ತದೆ. ಪ್ರಯೋಗಾಲಯದಲ್ಲಿ ಒಣ ಮತ್ತು ಒದ್ದೆ ಬುರುಡೆಗಳ ತಾಪಮಾಪಕವಿದ್ದರೆ, ಅದನ್ನು ಪಕ್ಕದಲ್ಲಿಟ್ಟು ದಿನಕ್ಕೆರಡು ಸಲ ಆರ್ದ್ರತೆಯನ್ನು ಬರೆದಿಡುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಬಹುದು. ನೀರು ಚಿಮುಕಿಸುವುದೆಲ್ಲ ಮುಂಚಿನ ದಿನಗಳಲ್ಲಿ ಆಗಬೇಕು. ಕಳಚುತ್ತಿರುವ ಕೀಟದ ಮೇಲೆಯೇ ನೀರು ಸಿಂಪಡಿಸಿದರೆ ಹನಿಗಳ ಭಾರಕ್ಕೆ ಮೆತ್ತನೆಯ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಎಲ್ಲ ಜಾತಿಗಳಿಗೂ ಇದೇ ಪ್ರಮಾಣವೆಂದು ತಿಳಿಯಬಾರದು. ದಕ್ಷಿಣ ಭಾರತ ಮತ್ತು ಶ್ರೀಲಂಕೆಗಳಲ್ಲಿ ಕಂಡುಬರುವ, ಪಿಟೀಲಿನ ಆಕಾರದ ಗಾಂಗಿಲಸ್ ಎಂಬ ಕೀಟವು ಬಿಸಿಲನ್ನೂ ಒಣ ಹವೆಯನ್ನೂ ಬಯಸುತ್ತದೆ. ಒಣಗಿದ ಎಲೆಯ ಚೂರುಗಳನ್ನು ಮೈಗೆ ಹೊಲಿದುಕೊಂಡಂತಿರುವ ಈ ವಿಚಿತ್ರ ಕೀಟವನ್ನು ಯುರೋಪಿನ ಹವ್ಯಾಸಿಗಳು ದೀಪದ ಶಾಖವನ್ನು ಕೊಟ್ಟು, 30 ಡಿಗ್ರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಸಾಕುತ್ತಾರೆ. ಇದನ್ನು ಸದಾ ಒದ್ದೆಯಾಗಿಟ್ಟರೆ ಹಾನಿಯೇ. ಕೀಟವನ್ನು ಎಲ್ಲಿಂದ ತಂದರೋ ಅಲ್ಲಿನ ನೆಲ, ನೆರಳು, ತೇವಗಳನ್ನು ನೋಡಿಕೊಂಡು ಬಂದಿದ್ದರೆ ಅರ್ಧ ಪ್ರಶ್ನೆಗಳಿಗೆ ಉತ್ತರ ದೊರೆತಂತೆ.

ಕೀಟವು ಪೊರೆ ಕಳಚಲು ಸಿದ್ಧವಾಗಿದೆ ಎಂಬುದರ ಮೊದಲ ಲಕ್ಷಣ ಆಹಾರವನ್ನು ಒಲ್ಲದಿರುವುದು. ಎಳೆಯ ಮರಿಗಳು ಒಂದೆರಡು ದಿನ, ಕೊನೆಯ ಹಂತದ ದೊಡ್ಡ ಮರಿಗಳು ಒಂದು ವಾರ ಅಥವಾ ಅದಕ್ಕೂ ಮೀರಿ ಉಪವಾಸವಿರುತ್ತವೆ. ಉದರ ತುಂಬಿಕೊಂಡಂತೆ ಕಾಣುತ್ತದೆ, ಮೈಬಣ್ಣ ಮಾಸುತ್ತದೆ, ಚಾವಣಿಗೆ ಜೋತುಬಿದ್ದು ಗಂಟೆಗಟ್ಟಲೆ ಕದಲದು. ಕೊನೆಯ ಪೊರೆಗೆ ಮುನ್ನ ಬೆನ್ನ ಮೇಲಿನ ರೆಕ್ಕೆಮೊಗ್ಗುಗಳು ಸ್ಪಷ್ಟವಾಗಿ ಉಬ್ಬುತ್ತವೆ. ಅತ್ಯಂತ ಹೆಚ್ಚಿನ ತಪ್ಪುಗಳು ನಡೆಯುವುದು ಈ ದಿನಗಳಲ್ಲೇ. ಎರಡು ದಿನ ಉಣ್ಣದ ಜೀವವನ್ನು ಕಂಡು ಮರುಗಿದ ಮಗುವು ಅದರ ಮುಂದೆ ಇನ್ನೊಂದು ಮಿಡತೆಯನ್ನು ಬಿಡುತ್ತದೆ, ಅದೂ ಸಾಲದೆಂದು ಚಿಮ್ಮಂಡೆಯನ್ನು ಬಿಡುತ್ತದೆ. ಆಹಾರವೆಂದು ಬಿಟ್ಟ ಚಿಮ್ಮಂಡೆಯು ರಾತ್ರಿ, ಮೆತ್ತಗಾಗಿ ತೂಗುತ್ತಿರುವ ಬೇಟೆಗಾರನನ್ನೇ ಕಚ್ಚಿ ತಿನ್ನಬಲ್ಲದು. ಕಚ್ಚದ ಮಿಡತೆಯಾದರೂ ಹಾರಿ ತಾಗಿದರೆ ಸಾಕು, ಕೀಟವು ಕಳಚಿಬೀಳುತ್ತದೆ. ಉಪವಾಸ ಆರಂಭವಾದೊಡನೆ ಉಳಿದ ಹುಳುಗಳೆಲ್ಲವನ್ನೂ ಪೆಟ್ಟಿಗೆಯಿಂದ ತೆಗೆದುಬಿಡಬೇಕು. ಇದೇ ಜಾತಿಯ ಇನ್ನೊಂದು ಮರಿಯೂ ಜೊತೆಯಲ್ಲಿರಬಾರದು; ಈ ಕುಲದಲ್ಲಿ ಒಡಹುಟ್ಟೆಂಬ ಮಮತೆಯಿಲ್ಲ.

ಕಳಚುವಿಕೆಯನ್ನು ನೋಡುವುದೇ ಒಂದು ಭಾಗ್ಯ. ತಲೆಕೆಳಗಾಗಿ ತೂಗುವ ಕೀಟವು ಮೊದಲು ಮೆಲ್ಲನೆ ಅತ್ತಿತ್ತ ತೂಗಾಡುತ್ತದೆ, ಮೈಯನ್ನು ಬಿಗಿದು ಸಡಿಲಿಸುತ್ತದೆ. ಬಳಿಕ ತಲೆಯ ಹಿಂದೆ, ಎದೆಯ ಬೆನ್ನಿನ ಉದ್ದಕ್ಕೆ ಪೊರೆಯು ಹೊಲಿಗೆ ಬಿಚ್ಚಿದಂತೆ ಸೀಳುತ್ತದೆ. ಅಲ್ಲಿಂದ ಎದೆಯ ಬೆನ್ನು ಉಬ್ಬಿಬರುವುದು. ತಲೆ ಜಾರಿ ಹೊರಬರುವುದು. ಕುಡಿಮೀಸೆಗಳು, ಮುಂಗಾಲುಗಳು, ಕೊನೆಗೆ ನೀಳವಾದ ನಡೆಗಾಲುಗಳು ಒರೆಯಿಂದ ಎಳೆದಂತೆ ಬಿಡಿಸಿಕೊಳ್ಳುವುವು. ಇಷ್ಟರಲ್ಲಿ ದೇಹವೆಲ್ಲ ಹೊರಗಿದ್ದು ಉದರದ ತುದಿಯೊಂದೇ ಹಳೆಯ ಪೊರೆಯೊಳಗೆ ಉಳಿದಿರುತ್ತದೆ; ಅದರ ಆಧಾರದಿಂದಲೇ ಕೀಟವು ಕೆಲವು ನಿಮಿಷ ಸತ್ತಂತೆ ಜೋಲುತ್ತದೆ. ಅನನುಭವಿಗಳು ಧೃತಿಗೆಡುವುದು ಈ ಗಳಿಗೆಯಲ್ಲಿ. ಸಿಕ್ಕಿಕೊಂಡಿದೆಯೆಂದು ಭಾವಿಸಿ ಚಿಮುಟದಿಂದ ಎಳೆಯುತ್ತಾರೆ, ಬೆರಳಿನಿಂದ ಎತ್ತಿಹಿಡಿಯುತ್ತಾರೆ. ವಾಸ್ತವವಾಗಿ ಅದು ಕಾಲುಗಳು ತಕ್ಕಮಟ್ಟಿಗೆ ಬಲಿಯುವುದನ್ನು ಕಾಯುತ್ತಿರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಒಮ್ಮೆಲೇ ಮೇಲಕ್ಕೆ ಬಾಗಿ, ತನ್ನದೇ ಹಳೆಯ ಪೊರೆಯನ್ನೋ ಚಾವಣಿಯನ್ನೋ ಹಿಡಿದುಕೊಂಡು, ಉದರವನ್ನು ಬಿಡಿಸಿಕೊಳ್ಳುತ್ತದೆ. ಆ ವಿರಾಮದಲ್ಲಿ ಮುಟ್ಟಿದ ಬೆರಳಿನ ಗುರುತು ಕೀಟದ ಮೈಮೇಲೆ ಡೊಂಕಾಗಿ ಮುಂದಿನ ಪೊರೆಯವರೆಗೂ ಉಳಿಯಬಹುದು. ಒಟ್ಟು ಕಾರ್ಯಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ತರಗತಿಯ ಮಕ್ಕಳಿಗೆ ತೋರಿಸುವುದಾದರೆ ಪೆಟ್ಟಿಗೆಯನ್ನು ಅವರ ಬಳಿಗೆ ಒಯ್ಯದೆ, ಮಕ್ಕಳನ್ನೇ ನಾಲ್ಕೈದು ಮಂದಿಯಂತೆ ಸದ್ದಿಲ್ಲದೆ ಕರೆತರಬೇಕು.

ಹೊರಬಂದ ಕೀಟವು ಬಣ್ಣಗೆಟ್ಟು, ಮೇಣದಂತೆ ಮೆತ್ತಗಿರುತ್ತದೆ. ಕವಚದಲ್ಲಿನ ಪ್ರೋಟೀನುಗಳು ರಾಸಾಯನಿಕವಾಗಿ ಒಂದಕ್ಕೊಂದು ಹೆಣೆದುಕೊಂಡು ಗಡಸಾಗಲು ಹಲವು ಗಂಟೆಗಳು ಬೇಕು. ಚಿಕ್ಕ ಮರಿಗೆ ಒಂದು ದಿನ, ದೊಡ್ಡದಕ್ಕೆ ಎರಡು ಮೂರು ದಿನ ಆಹಾರವನ್ನು ಕೊಡಕೂಡದು. ದವಡೆಗಳೂ ಮುಂಗಾಲಿನ ಮುಳ್ಳುಗಳೂ ಇನ್ನೂ ಎಳೆಯವಾಗಿದ್ದು, ಒದೆಯುವ ಬಲವಾದ ಮಿಡತೆಯನ್ನು ಹಿಡಿದರೆ ಮುಂಗಾಲೇ ಬಾಗಬಹುದು. ಮೊದಲ ಊಟಕ್ಕೆ ಮೆದುವಾದ ನೊಣ ಅಥವಾ ಪತಂಗವೇ ಸಾಕು. ನೀರಿನ ಸಣ್ಣ ಹನಿಗಳು ಗೋಡೆಯ ಮೇಲಿದ್ದರೆ ಅದೇ ಬಂದು ಕುಡಿಯುತ್ತದೆ.

ಎಷ್ಟು ಜಾಗರೂಕತೆ ವಹಿಸಿದರೂ ಕೆಲವೊಮ್ಮೆ ಕೀಟವು ಬೀಳುತ್ತದೆ. ಬಿದ್ದುದನ್ನು ಕೂಡಲೇ ಕಂಡರೆ ಒಂದು ಉಪಾಯವುಂಟು. ಹಳೆಯ ಪೊರೆಯು ಇನ್ನೂ ಉದರಕ್ಕೆ ಅಂಟಿದ್ದರೆ, ಕೀಟವನ್ನು ಮುಟ್ಟದೆ ಪೊರೆಯನ್ನು ಮಾತ್ರ ಚಿಮುಟದಿಂದ ಹಿಡಿದು, ಅದನ್ನು ಚಾವಣಿಯ ಬಟ್ಟೆಗೆ ಗುಂಡುಸೂಜಿಯಿಂದ ಸಿಕ್ಕಿಸಿ, ಕೀಟವು ಮತ್ತೆ ತಲೆಕೆಳಗಾಗಿ ತೂಗುವಂತೆ ಮಾಡಬೇಕು. ಪೂರ್ತಿ ಕಳಚಿ ಬಿದ್ದಿದ್ದರೆ ಕಾಗದದ ತುಂಡಿನ ಮೇಲೆ ಏರಿಸಿ ಬಟ್ಟೆಯ ಬಳಿಗೆ ಒಯ್ದರೆ, ಶಕ್ತಿಯಿದ್ದಲ್ಲಿ ಅದೇ ಹಿಡಿದುಕೊಳ್ಳುತ್ತದೆ. ಒಂದು ಕಾಲಿನ ತುದಿಯಲ್ಲಿ ಪೊರೆ ಉಳಿದಿದ್ದರೆ, ಮೈ ಗಟ್ಟಿಯಾದ ಮೇಲೆ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಮೃದುವಾದ ಕುಂಚದಿಂದ ಆ ಭಾಗವನ್ನಷ್ಟೇ ಮತ್ತೆ ಮತ್ತೆ ನೆನೆಸಬೇಕು, ಎಳೆಯಬಾರದು. ಬಿಟ್ಟುಬರದಿದ್ದರೆ ಹಾಗೆಯೇ ಬಿಡುವುದು ಲೇಸು. ಮರಿಯ ನಡೆಗಾಲೊಂದು ಹೋದರೂ ಮುಂದಿನ ಪೊರೆಗಳಲ್ಲಿ ಅದು ಚಿಕ್ಕದಾಗಿಯಾದರೂ ಮತ್ತೆ ಮೂಡುತ್ತದೆ, ಡೊಂಕಾದ ಕಾಲು ಎಷ್ಟೋ ಸಲ ನೆಟ್ಟಗಾಗುತ್ತದೆ. ತಲೆ, ಮುಂಗಾಲುಗಳೇ ಸಿಕ್ಕಿಕೊಂಡು ಗಂಟೆಗಳು ಕಳೆದಿದ್ದರೆ ಮಾತ್ರ ಬದುಕುವ ಆಸೆಯಿಲ್ಲ. ಅಂಥದನ್ನು ದಿನಗಟ್ಟಲೆ ನರಳಲು ಬಿಡುವುದಕ್ಕಿಂತ ಶೀತಪೆಟ್ಟಿಗೆಯ ಹಿಮದ ಅರೆಯಲ್ಲಿಟ್ಟು ಬೇಗನೆ ಮುಗಿಸುವುದು ಕರುಣೆಯ ಕೆಲಸವೆಂದು ಅನುಭವಿಗಳ ಅಭಿಪ್ರಾಯ. ಇದನ್ನು ಮಕ್ಕಳ ಕೈಯಲ್ಲಿ ಮಾಡಿಸಬಾರದು, ಅವರಿಂದ ಮುಚ್ಚಿಡಲೂ ಬಾರದು.

ಕೊನೆಯ ಪೊರೆಯ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು. ಪ್ರೌಢಾವಸ್ಥೆಗೆ ಬಂದ ಮೇಲೆ ಎಕ್ಡೈಸೋನನ್ನು ಸ್ರವಿಸುತ್ತಿದ್ದ ಎದೆಯ ಗ್ರಂಥಿಯು ಕ್ಷೀಣಿಸಿಹೋಗುತ್ತದೆ. ಇನ್ನು ಪೊರೆ ಕಳಚುವುದಿಲ್ಲ. ಆ ದಿನ ಡೊಂಕಾದದ್ದು ಕೊನೆಯವರೆಗೂ ಡೊಂಕೇ. ಅಲ್ಲದೆ ರೆಕ್ಕೆಗಳು ಬಿಚ್ಚಿಕೊಳ್ಳುವುದೂ ಅಂದೇ. ಸುಕ್ಕುಗಟ್ಟಿದ ಮುದ್ದೆಯಂತಿರುವ ಅವುಗಳೊಳಕ್ಕೆ ಕೀಟವು ತನ್ನ ದೇಹದ್ರವವನ್ನು ಒತ್ತಿ ತುಂಬಿ ಹಿಗ್ಗಿಸುತ್ತದೆ. ಅವು ನೀಳವಾಗಿ ಇಳಿಬಿದ್ದು ಒಣಗುವಷ್ಟು ತೆರವು ಕೆಳಗಿರಬೇಕು. ಗೋಡೆಗೆ ತಾಗಿದ ರೆಕ್ಕೆ ಮಡಿಸಿದ ಕಾಗದದಂತೆ ಗಟ್ಟಿಯಾಗುತ್ತದೆ. ರೆಕ್ಕೆ ಕೆಟ್ಟರೂ ಮುಂಗಾಲುಗಳು ನೆಟ್ಟಗಿದ್ದರೆ ಕೀಟವು ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಮುಂಗಾಲು ಕೆಟ್ಟಿದ್ದರೂ ಚಿಮುಟದಿಂದ ಬಾಯಿಯ ಬಳಿಗೆ ಆಹಾರವನ್ನೊಯ್ದು ಉಣಿಸಿದವರುಂಟು. ರೆಕ್ಕೆ ಸರಿಯಾಗಿ ಬಲಿತ ಕೀಟವನ್ನು ಕೆಲವು ದಿನಗಳ ನಂತರ, ತಂದ ಬೇಲಿಯಲ್ಲೇ ಬಿಟ್ಟುಬರುವುದು ಶಾಲೆಗಳಿಗೆ ಒಪ್ಪುವ ಕ್ರಮ.

ಚಾವಣಿಗೆ ಅಂಟಿಕೊಂಡು ಉಳಿದ ಪೊರೆಯನ್ನು ಕಸವೆಂದು ಎಸೆಯಬಾರದು. ಒಣಗಿದ ಮೇಲೆ ಅದು ಮುಟ್ಟಿದರೆ ಪುಡಿಯಾಗುವುದರಿಂದ, ಒಂದು ರಾತ್ರಿ ತೇವದ ಬಟ್ಟೆಯಿರುವ ಮುಚ್ಚಿದ ಡಬ್ಬಿಯಲ್ಲಿಟ್ಟು ಮೆದುಗೊಳಿಸಿ, ರಟ್ಟಿನ ಮೇಲೆ ಹರಡಿ ಒಣಗಿಸಬಹುದು. ಭೂತಗನ್ನಡಿಯಿಂದ ನೋಡಿದರೆ ಸೀಳಿನ ಬಳಿ ಬೆಳ್ಳನೆಯ ಸಣ್ಣ ದಾರಗಳು ಕಾಣುತ್ತವೆ. ಅವೇ ಕಳಚಿಬಂದ ಶ್ವಾಸನಾಳಗಳ ಒಳಪದರ. ಒಂದೇ ಕೀಟದ ಎಲ್ಲ ಪೊರೆಗಳನ್ನೂ ದಿನಾಂಕ ಸಮೇತ ಸಾಲಾಗಿ ಅಂಟಿಸಿ, ಎದೆಯ ಉದ್ದವನ್ನು ಅಳತೆಪಟ್ಟಿಯಿಂದ ಅಳೆದು ಕೆಳಗೆ ಬರೆದರೆ, ಪ್ಷಿಬ್ರಾಮನ 1.26ರ ಲೆಕ್ಕವು ತಮ್ಮ ಬೇಲಿಯ ಕೀಟಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆಂಬುದನ್ನು ಎಂಟನೆಯ ತರಗತಿಯ ವಿದ್ಯಾರ್ಥಿಗಳೇ ಪರೀಕ್ಷಿಸಿ ನೋಡಬಹುದು.